ಉಭಯಕುಶಲೋಪರಿ: ಮಾಜಿ ಸೈನಿಕರ ನೆಮ್ಮದಿಯನ್ನು ಅಳೆಯುವ ಕುರಿತು

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವರು ಆತಕೂರಿನ ಕಲ್ಲನ್ನು ನೋಡಿರುತ್ತೀರಿ. ನಾಯಿಯೊಂದು ಕಾಡುಹಂದಿಯ ಮೇಲೆ ಬಿದ್ದಿರುವ ಚಿತ್ರ, ಜೊತೆಗೆ ಹಳಗನ್ನಡದ ಬರಹ. ಮಕ್ಕಳನ್ನು ಪ್ರವಾಸಕ್ಕೆ ಕರೆತಂದ ಮೇಷ್ಟ್ರುಗಳು ನಾಯಿಗೂ ಕಲ್ಲು ನಿಲ್ಲಿಸಿದ ನಾಡು ನಮ್ಮದು ಎಂದು ಹೇಳಿ ಮುಂದಿನ ಕೋಣೆಗೆ ನಡೆಯುತ್ತಾರೆ. ನನ್ನನ್ನು ಕಾಡಿದ್ದು ಆ ನಾಯಿಯ ಒಡೆಯ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ಕಾಳಗವಾಯಿತು. ಗಂಗರ ಬೂತುಗ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರ ನಿಂತು ಚೋಳ ರಾಜಾದಿತ್ಯನನ್ನು ಕೊಂದ. ಆ ಕಾಳಗದಲ್ಲಿ ಬೂತುಗನ ಕಡೆ ಕಾದಿ ಜೀವಸಹಿತ ಮರಳಿದವನು ಮಣಲೆರ. ಅವನ ಶೌರ್ಯಕ್ಕೆ ಮೆಚ್ಚಿದ ಒಡೆಯ ಬೇಕಾದದ್ದನ್ನು ಕೇಳಿಕೋ ಎಂದಾಗ ಮಣಲೆರ ಕಾಳಿ ಎಂಬ ನಾಯಿಯನ್ನು ಕೇಳಿದ. ಕಾಳಿ ಮುಂದೊಮ್ಮೆ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ, ಅದನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಆ ಕಲ್ಲು.

ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಊರಬಾಗಿಲಲ್ಲೋ ಕೆರೆಯ ಏರಿಯ ಮೇಲೋ ಒಂದು ವೀರಗಲ್ಲು ಸಿಕ್ಕೀತು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಎಲ್ಲವೂ ಸತ್ತವನ ಕಥೆ. ಬದುಕಿ ಮನೆಗೆ ಬಂದು, ಮೂವತ್ತು ವರ್ಷ ಹೊಲ ಉತ್ತು, ಮುಪ್ಪಾಗಿ ತೀರಿಕೊಂಡವನಿಗೆ ಪಟ್ಟಿಕೆ ಇಲ್ಲ. ಅಂಥವನೊಬ್ಬನನ್ನು ನಿನಗೇನು ಬೇಕೆಂದು ಕೇಳಿ, ಅವನ ಉತ್ತರವನ್ನೂ ಬರೆದಿಟ್ಟದ್ದಕ್ಕೆ ಆತಕೂರಿನ ಕಲ್ಲು ನನಗೆ ಅಪರೂಪದ್ದು. ಈ ಸಂಜೆಯ ಮಾತು ಅಂಥ ಬದುಕಿ ಬಂದವರ ಬಗ್ಗೆ, ಅವರನ್ನು ನಾವು ಏನು ಕೇಳುತ್ತೇವೆ, ಹೇಗೆ ಕೇಳುತ್ತೇವೆ ಎಂಬುದರ ಬಗ್ಗೆ.

ನಾನು ಸೈನಿಕನಲ್ಲ, ಸಂಖ್ಯಾಶಾಸ್ತ್ರದ ಮೇಷ್ಟ್ರು. ಸೈನ್ಯದ ಸಂಬಂಧ ನನಗೆ ಬಂದದ್ದು ಸೋದರಮಾವನ ಮೂಲಕ. ಹತ್ತೊಂಬತ್ತನೆಯ ವಯಸ್ಸಿಗೆ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ಭರ್ತಿಯಾಗಿ, ಇಪ್ಪತ್ತೆರಡು ವರ್ಷ ಸೇತುವೆ ಕಟ್ಟಿ, ನೆಲಬಾಂಬು ಹುಗಿದು, ತೆಗೆದು, ಹವಾಲ್ದಾರನಾಗಿ ಊರಿಗೆ ಬಂದರು. ಬಂದಾಗ ನಲವತ್ತೊಂದು. ಆ ವಯಸ್ಸಿಗೆ ನಮ್ಮಂಥ ಮೇಷ್ಟ್ರುಗಳಿಗೆ ಬಡ್ತಿಯ ಚಿಂತೆ ಶುರುವಾಗಿರುತ್ತದೆ. ಅವರಿಗೆ ನಿವೃತ್ತಿಯೇ ಆಗಿತ್ತು. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 60,000 ಸೈನಿಕರು ಹೀಗೆ ಸಮವಸ್ತ್ರ ಕಳಚುತ್ತಾರೆ. ಅವರಲ್ಲಿ ಹೆಚ್ಚಿನವರು ಇನ್ನೂ ನಡುವಯಸ್ಸಿನವರು. ಸೇವೆಯಲ್ಲಿ ಕಳೆದುದಕ್ಕಿಂತ ಸೇವೆಯ ಆಚೆಗಿನ ಬದುಕೇ ಅವರಿಗೆ ದೀರ್ಘ. ಜನರಲ್‌ಗಳ ಮಾತೂ ಅದೇ. ಕಾರ್ಯಪ್ಪನವರು 1953ರ ಜನವರಿಯಲ್ಲಿ ಸೇನಾ ಮುಖ್ಯಸ್ಥರ ಹುದ್ದೆಯಿಂದ ಇಳಿದಾಗ ಅವರಿಗೆ ಐವತ್ನಾಲ್ಕೂ ತುಂಬಿರಲಿಲ್ಲ. ಅಲ್ಲಿಂದ 1993ರವರೆಗೆ, ಅಂದರೆ ನಲವತ್ತು ವರ್ಷ, ಬಾಳಿದರು.

ಕೆಲವು ವರ್ಷಗಳ ಹಿಂದೆ ಎಡ್ ಡೀನರ್ ಮತ್ತು ಸಂಗಡಿಗರ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದುಕೊಂಡು ಮಾವನ ಮುಂದೆ ಕುಳಿತೆ. 1985ರಲ್ಲಿ ಪ್ರಕಟವಾದ ಈ ಮಾಪಕ ಬದುಕಿನ ತೃಪ್ತಿಯನ್ನು ಅಳೆಯುವವರ ಮನೆದೇವರಿದ್ದಂತೆ. ಇರುವುದು ಐದೇ ಹೇಳಿಕೆ. ನನ್ನ ಬದುಕು ನಾನು ಬಯಸಿದ್ದಕ್ಕೆ ಹತ್ತಿರವಿದೆಯೇ, ಮತ್ತೆ ಹುಟ್ಟಿದರೆ ಇದರಲ್ಲಿ ಏನನ್ನಾದರೂ ಬದಲಿಸುತ್ತಿದ್ದೆನೇ, ಈ ಧಾಟಿಯವು. ಒಂದೊಂದಕ್ಕೂ ಒಂದರಿಂದ ಏಳರವರೆಗೆ ಅಂಕ. ಒಟ್ಟು ಕನಿಷ್ಠ 5, ಗರಿಷ್ಠ 35, ನಟ್ಟನಡುವಿನ ಬಿಂದು 20. ಏಳು ಅಂಕಗಳ ಲೆಕ್ಕ ಮಾವನಿಗೆ ತಿಳಿಯಲೆಂದು ಒಂದು ಏಣಿಯ ಚಿತ್ರ ಬರೆದು ಏಳು ಮೆಟ್ಟಿಲು ತೋರಿಸಿದೆ. ಏಣಿಯೂ ನನ್ನ ಕಲ್ಪನೆಯಲ್ಲ. ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಅಮೆರಿಕದ ವಿದ್ವಾಂಸ 1965ರ ತನ್ನ ಪುಸ್ತಕದಲ್ಲಿ ಹಲವು ದೇಶಗಳ ಜನರನ್ನು, ಭಾರತೀಯರನ್ನೂ ಸೇರಿಸಿ, ಏಣಿಯ ಮೇಲೆ ನಿಲ್ಲಿಸಿಯೇ ಅಳೆದಿದ್ದ.

ಮಾವ ಏಣಿಯನ್ನು ನೋಡಿದರು. ಬೆರಳಿಟ್ಟು ಎಣಿಸಿದರು. ಸಿಪಾಯಿ, ಲಾನ್ಸ್ ನಾಯಕ್, ನಾಯಕ್, ಹವಾಲ್ದಾರ್, ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಸರಿಯಾಗಿ ಏಳು. “ನಾನು ಹವಾಲ್ದಾರ್ ಕಣಯ್ಯ. ನಾಕು ಅಂತ ಬರ್ಕೊ” ಎಂದರು.

ಐದೂ ಹೇಳಿಕೆಗೆ ನಾಲ್ಕು ನಾಲ್ಕು ಹಾಕಿದರೆ ಮೊತ್ತ ಇಪ್ಪತ್ತು. ಅಪ್ಪಟ ನಡುಬಿಂದು. ನನ್ನ ವಿದ್ಯಾರ್ಥಿಯೊಬ್ಬ ಅದನ್ನು ಗಣಕಕ್ಕೆ ಊಡಿದ್ದರೆ ‘ತೃಪ್ತಿಯೂ ಇಲ್ಲ, ಅತೃಪ್ತಿಯೂ ಇಲ್ಲ’ ಎಂಬ ಕಂಬಸಾಲಿಗೆ ಒಬ್ಬ ಮನುಷ್ಯ ಸೇರುತ್ತಿದ್ದ. ಮಾವ ಹೇಳಿದ್ದು ತಮ್ಮ ರ‍್ಯಾಂಕನ್ನು.

ನಗು ಬರುವ ಪ್ರಸಂಗ ನಿಜ. ಆದರೆ ತಪ್ಪು ಯಾರದೆಂದು ಯೋಚಿಸಬೇಕು. ಸೈನಿಕನಷ್ಟು ಅಳತೆಗೆ ಒಳಗಾದ ಮನುಷ್ಯ ನಮ್ಮ ಸಮಾಜದಲ್ಲಿ ಇನ್ನೊಬ್ಬನಿಲ್ಲ. ಭರ್ತಿ ಮೈದಾನದಲ್ಲೇ ಶುರು: ಎದೆ 77 ಸೆಂಟಿಮೀಟರ್, ಉಸಿರು ತುಂಬಿದರೆ ಇನ್ನೂ 5 ಉಬ್ಬಬೇಕು. 1.6 ಕಿಲೋಮೀಟರ್ ಓಟ. ಒಳಗೆ ಹೋದ ಮೇಲೆ ವರ್ಷವರ್ಷವೂ ವೈದ್ಯಕೀಯ ವರ್ಗೀಕರಣ. ಅದಕ್ಕೆ ‘ಶೇಪ್’ ಎನ್ನುತ್ತಾರೆ. ಇಂಗ್ಲಿಷಿನ ಐದು ಅಕ್ಷರ, ಮನಸ್ಸು, ಕಿವಿ, ಕೈಕಾಲು, ದೇಹಬಲ, ಕಣ್ಣು. ಐದರಲ್ಲೂ ಒಂದು ಬಂದರೆ ‘ಶೇಪ್ ಒನ್’. ಯಾವುದಾದರೂ ಒಂದರಲ್ಲಿ ಅಂಕ ಜಾರಿದರೆ ‘ಲೋ ಮೆಡಿಕಲ್ ಕೆಟಗರಿ’. ಆ ಪದ ಒಬ್ಬ ಜವಾನನ ಕಿವಿಗೆ ಹೇಗೆ ಕೇಳುತ್ತದೆಂದು ಸೈನಿಕರ ಮನೆಯವರಿಗೆ ಗೊತ್ತು. ಬಡ್ತಿ ನಿಲ್ಲಬಹುದು, ಪೋಸ್ಟಿಂಗ್ ಬದಲಾಗಬಹುದು, ಸೇವೆಯ ಅವಧಿಯೇ ಮೊಟಕಾಗಬಹುದು. ಹೀಗಾಗಿ ಮಂಡಿ ನೋವನ್ನು ಎರಡು ವರ್ಷ ಮುಚ್ಚಿಟ್ಟವರಿದ್ದಾರೆ. ನಿದ್ದೆ ಬರುತ್ತಿಲ್ಲವೆಂಬುದನ್ನು ಕೊನೆಯವರೆಗೂ ಮುಚ್ಚಿಟ್ಟವರು ಇನ್ನೂ ಹೆಚ್ಚು. ರೋಲ್‌ಕಾಲ್‌ನಲ್ಲಿ ನಿಂತು ದಿನವೂ ಕೊಡುವ ವರದಿ ಒಂದೇ, ‘ಸಬ್ ಠೀಕ್ ಸಾಬ್’. ಇಪ್ಪತ್ತೆರಡು ವರ್ಷ ಅದನ್ನೇ ಹೇಳಿದ ಬಾಯಿಗೆ ನಾವು ಪ್ರಶ್ನಾವಳಿ ಹಿಡಿಯುತ್ತೇವೆ.

ಸೇವೆ ಮುಗಿಯುವ ಹೊತ್ತಿಗೆ ತಕ್ಕಡಿ ತಿರುಗುತ್ತದೆ. ಬಿಡುಗಡೆಯ ವೈದ್ಯಕೀಯ ಮಂಡಳಿಯ ಎದುರು ಅದೇ ಮಂಡಿ ನೋವು ಈಗ ಲೆಕ್ಕಕ್ಕೆ ಬರುತ್ತದೆ. ಅದು ಸೇವೆಯಿಂದ ಬಂದದ್ದೇ, ಸೇವೆಯಿಂದ ಉಲ್ಬಣಿಸಿದ್ದೇ, ಎಷ್ಟು ಶೇಕಡಾ? ಅಂಗವೈಕಲ್ಯ ಪಿಂಚಣಿಯ ಲೋಕದಲ್ಲಿ ಶೇಕಡಾ 20 ಎಂಬುದು ದೊಡ್ಡ ಗಡಿರೇಖೆ. ನಿನ್ನೆಯವರೆಗೆ ನೋವನ್ನು ಅಡಗಿಸಿದರೆ ಲಾಭ, ಇವತ್ತಿನಿಂದ ಹೇಳಿಕೊಂಡರೆ ಲಾಭ. ಇದರಲ್ಲಿ ಸೈನಿಕನ ಅಪ್ರಾಮಾಣಿಕತೆಯನ್ನು ಹುಡುಕುವವರಿಗೆ ಒಂದು ಮಾತು ಹೇಳಬೇಕು. ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದವರ ಮೇಲೆ 1980ರ ದಶಕದ ಉತ್ತರಾರ್ಧದಲ್ಲಿ ದೊಡ್ಡ ರಾಷ್ಟ್ರೀಯ ಅಧ್ಯಯನ ನಡೆಯಿತು. ಯುದ್ಧಭೂಮಿಗೆ ಹೋಗಿಬಂದ ಗಂಡಸರಲ್ಲಿ ಶೇ 15.2 ಮಂದಿಗೆ ಆ ಹೊತ್ತಿನಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ ಇದೆಯೆಂದು ಅದು ಹೇಳಿತು. ಸಂಖ್ಯೆ ಉಬ್ಬಿದೆ, ಜನ ಕಥೆ ಕಟ್ಟಿದ್ದಾರೆ ಎಂಬ ಗುಮಾನಿ ಎದ್ದಿತು. ಬ್ರೂಸ್ ಡೊಹ್ರೆನ್ವೆಂಡ್ ಮತ್ತು ತಂಡ ಸೇನಾ ಕಡತಗಳ ಜೊತೆ ಹೇಳಿಕೆಗಳನ್ನು ತಾಳೆ ನೋಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಂಖ್ಯೆ ಶೇ 9.1ಕ್ಕೆ ಇಳಿಯಿತು. ಆದರೆ ಸುಳ್ಳು ಹೇಳಿದವರು ಸಿಕ್ಕಿದ್ದು ತೀರಾ ಕಡಿಮೆ. ಕಾಯಿಲೆಯಿಂದ ದಿನನಿತ್ಯದ ಬದುಕಿಗೆ ತೊಡಕಾಗಿರಬೇಕು ಎಂಬ ಷರತ್ತನ್ನು ಬಿಗಿಗೊಳಿಸಿದ್ದೂ, ಕಡತದಲ್ಲಿ ಪುರಾವೆ ಹುಡುಕಿದ್ದೂ ಇಳಿಕೆಗೆ ಕಾರಣ. ಉತ್ತರ ಕೊಟ್ಟ ಮನುಷ್ಯರು ಅವರೇ. ಬದಲಾದದ್ದು ಎಣಿಸುವವರ ಗೆರೆ.

ಇನ್ನೂ ಸಣ್ಣ ಸಂಗತಿಗಳು ಕೂಡ ಉತ್ತರವನ್ನು ಅಲುಗಿಸುತ್ತವೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. 1983ರಲ್ಲಿ ಶ್ವಾರ್ಜ್ ಮತ್ತು ಕ್ಲೋರ್ ಎಂಬಿಬ್ಬರು ಬಿಸಿಲಿನ ದಿನ ಫೋನ್ ಮಾಡಿ ಕೇಳಿದವರಿಗಿಂತ ಮಳೆಯ ದಿನ ಕೇಳಿದವರು ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೇಳಿದರೆಂದು ಬರೆದು ಹೆಸರಾದರು. ನಾನು ಇದನ್ನು ಎಷ್ಟೋ ವರ್ಷ ಪಾಠ ಮಾಡಿದೆ. ಮಡಿಕೇರಿಯಲ್ಲಿ ಜುಲೈ ತಿಂಗಳಲ್ಲಿ ಸಮೀಕ್ಷೆ ಮಾಡಬೇಡಿ ಎಂದು ತಮಾಷೆಯನ್ನೂ ಸೇರಿಸುತ್ತಿದ್ದೆ. 2013ರಲ್ಲಿ ಲೂಕಾಸ್ ಮತ್ತು ಲಾಲೆಸ್ ಹತ್ತು ಲಕ್ಷಕ್ಕೂ ಹೆಚ್ಚು ಅಮೆರಿಕನ್ನರ ಉತ್ತರಗಳನ್ನು ಹವಾಮಾನದ ಜೊತೆ ಇಟ್ಟು ನೋಡಿದರು. ನೆಚ್ಚಬಹುದಾದ ಪರಿಣಾಮ ಏನೂ ಕಾಣಲಿಲ್ಲ. ನನ್ನ ತಮಾಷೆ ವ್ಯರ್ಥವಾಯಿತು. ಕೊಡಗಿನವರಿಗೆ ಈ ವಿಷಯ ನಮಗಿಂತ ಮೊದಲೇ ಗೊತ್ತಿತ್ತೋ ಏನೋ.

ಮಳೆಯನ್ನು ಬಿಟ್ಟು ಮಾತಿಗೆ ಬರೋಣ. ಇಂಗ್ಲಿಷಿನ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವವರು ಕಣ್ಣುಮುಚ್ಚಿ ‘ತೃಪ್ತಿ’ ಎಂದು ಬರೆಯುತ್ತಾರೆ. ನಾನೂ ಬರೆದಿದ್ದೆ. ನಮ್ಮ ಕಡೆ ತೃಪ್ತಿ ಎಂಬುದು ಎಲೆಯ ಮುಂದೆ ಕೂತು ಎದ್ದವನ ಮಾತು, ಇಲ್ಲವೇ ಶ್ರಾದ್ಧದ ದಿನ ಪಿತೃಗಳ ಬಗ್ಗೆ ಆಡುವ ಮಾತು. ನಡುವೆ ಇರುವ ಬದುಕಿಗೆ ಜನ ಬಳಸುವ ಪದಗಳು ಬೇರೆ. ನೆಮ್ಮದಿ ಇದೆ ಎಂದವನು ಮನೆಯೊಳಗಿನ ಜಗಳ ತಣ್ಣಗಾಗಿದೆ ಎನ್ನುತ್ತಿರಬಹುದು. ಸಮಾಧಾನ ಎಂಬುದರಲ್ಲಿ ಏನೋ ಕಳೆದುಕೊಂಡ ನೆರಳಿದೆ, ಕಳೆದುಕೊಳ್ಳದವನು ಯಾಕೆ ಸಮಾಧಾನ ತಂದುಕೊಳ್ಳಬೇಕು? ಧಾರವಾಡದ ಕಡೆ ‘ಆರಾಮ ಅದೀನ್ರಿ’ ಎಂದರೆ ಮೈ ಹುಷಾರಾಗಿದೆ, ‘ಆರಾಮಿಲ್ಲ’ ಎಂದರೆ ಜ್ವರ. ಇವೆಲ್ಲದರ ಮೇಲೆ ಸರ್ವಾಂತರ್ಯಾಮಿಯಾದ ‘ಪರವಾಗಿಲ್ಲ’. ಅದನ್ನು ಎಳೆದು ಹೇಳಿದರೆ ಮೂರು ಅಂಕ, ಕತ್ತು ಅಲ್ಲಾಡಿಸಿ ಹೇಳಿದರೆ ಐದು, ನಕ್ಕು ಹೇಳಿದರೆ ಆರು. ಮುದ್ರಿತ ಪ್ರಶ್ನಾವಳಿಗೆ ಕಿವಿ ಇಲ್ಲ. ಅನುವಾದವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಮೂಲದ ಜೊತೆ ಹೋಲಿಸುವ ಪದ್ಧತಿಯಿದೆ. ಒಳ್ಳೆಯದೇ. ಆದರೆ ಆ ಕೆಲಸ ಮಾಡುವ ಇಬ್ಬರೂ ವಿಶ್ವವಿದ್ಯಾಲಯದವರು. ಅವರಿಬ್ಬರಿಗೂ ತೃಪ್ತಿ ಎಂದರೆ ಏನೆಂದು ಗೊತ್ತು. ಗೊತ್ತಿಲ್ಲದಿರುವುದು ಮಾವನಂಥವರಿಗೆ.

ಸೈನಿಕರ ಮನೆಗಳಲ್ಲಿ ಬೆಳೆದವರಿಗೆ ಇನ್ನೊಂದು ಪದ ಗೊತ್ತಿದೆ, ಕ್ಷೇಮ. ಮೊಬೈಲ್ ಬರುವ ಮುಂಚೆ ಮಾವನ ಪತ್ರ ತಿಂಗಳಿಗೊಮ್ಮೆ ಬರುತ್ತಿತ್ತು, ನೀಲಿ ಇನ್‌ಲ್ಯಾಂಡ್ ಕಾಗದ, ವಿಳಾಸದಲ್ಲಿ ಊರಿನ ಹೆಸರಿಲ್ಲ, ‘ಕೇರಾಫ್ 56 ಎಪಿಓ’ ಅಷ್ಟೇ. ಮೊದಲ ಸಾಲು ಯಾವತ್ತೂ ಬದಲಾಗಲಿಲ್ಲ. ನಾನು ಇಲ್ಲಿ ಕ್ಷೇಮ, ನೀವೆಲ್ಲ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ. ಹಳೆಯ ಕಾಲದ ಓದಿದವರು ಅದನ್ನೇ ‘ಉಭಯಕುಶಲೋಪರಿ’ ಎಂದು ಒಂದು ಪದದಲ್ಲಿ ಮುಗಿಸುತ್ತಿದ್ದರು, ಎರಡೂ ಕಡೆ ಕುಶಲ, ಇನ್ನು ವಿಷಯಕ್ಕೆ ಬರೋಣ ಎಂದು. ಪತ್ರ ಓದಿ ಹೇಳುವ ಕೆಲಸ ನನ್ನದು. ಅಜ್ಜಿಗೆ ಓದು ಬರುತ್ತಿರಲಿಲ್ಲ. ನಾನು ಕ್ಷೇಮದ ಸಾಲು ಓದಿದ ಕೂಡಲೇ ಅಜ್ಜಿ ಕೈ ಬೀಸಿ ಹೇಳುತ್ತಿದ್ದಳು: “ಅದಿರ್ಲಿ. ಮುಂದಕ್ಕೆ ಓದು.”

ಬದುಕಿನ ತೃಪ್ತಿಗೆ ಕೊಡುವ ಒಂದು ಸಂಖ್ಯೆ, ಏಣಿಯ ಮೆಟ್ಟಿಲಿರಲಿ, ಮೂವತ್ತೈದಕ್ಕೆ ಇಷ್ಟು ಎಂಬ ಅಂಕವಿರಲಿ, ಆ ಪತ್ರದ ಮೊದಲ ಸಾಲು. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಮಾವ ಕ್ಷೇಮವಾಗಿದ್ದದ್ದು ನಿಜ, ಇಲ್ಲದಿದ್ದರೆ ಪತ್ರವೇ ಬರುತ್ತಿರಲಿಲ್ಲ. ನಮ್ಮ ಅಧ್ಯಯನಗಳ ದೋಷ, ಮೊದಲ ಸಾಲು ಓದಿ ಕಾಗದ ಮಡಚಿಡುವುದು.

ಮುಂದಕ್ಕೆ ಓದುವುದು ಹೇಗೆ ಎಂಬುದಕ್ಕೆ ಒಂದು ಮಾದರಿಯನ್ನು ನಾನು ಮೆಚ್ಚುತ್ತೇನೆ. ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಸಂಶೋಧಕಿ ಡಾನ್ ವೋಗ್ಟ್ ಮತ್ತು ಸಂಗಡಿಗರು ರೂಪಿಸಿದ ಯೋಗಕ್ಷೇಮದ ಪ್ರಶ್ನಾವಳಿ ಬದುಕನ್ನು ಉದ್ಯೋಗ, ಹಣಕಾಸು, ಆರೋಗ್ಯ, ಸಂಬಂಧ ಎಂದು ನಾಲ್ಕು ಪಾಲು ಮಾಡುತ್ತದೆ. ಅಷ್ಟಕ್ಕೆ ನಿಂತಿದ್ದರೆ ವಿಶೇಷವೇನಿರಲಿಲ್ಲ. ಒಂದೊಂದು ಪಾಲಿನಲ್ಲೂ ಅವರು ಮೂರು ಬೇರೆಬೇರೆ ಪ್ರಶ್ನೆ ಕೇಳುತ್ತಾರೆ: ಇದೆಯೋ ಇಲ್ಲವೋ, ಅದನ್ನು ಹೇಗೆ ನಡೆಸುತ್ತಿದ್ದೀರಿ, ಅದರಿಂದ ನಿಮಗೆ ಸಮಾಧಾನವಿದೆಯೋ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ನಿಂತ ಮಾಜಿ ಸೈನಿಕರನ್ನು ನೆನಪಿಸಿಕೊಳ್ಳಿ. ಕೆಲಸ ಇದೆಯೋ? ಇದೆ. ಸರಿಯಾಗಿ ಮಾಡುತ್ತಾರೋ? ಅವರಷ್ಟು ಸರಿಯಾಗಿ ಮಾಡುವವರಿಲ್ಲ, ಕರ್ತವ್ಯಕ್ಕೆ ಹದಿನೈದು ನಿಮಿಷ ಮುಂಚೆ ಬರುತ್ತಾರೆ. ಹಿಂದೊಮ್ಮೆ ಹತ್ತು ಜನರ ಸೆಕ್ಷನ್ ನಡೆಸಿದ ಮನುಷ್ಯ, ಹಾರ್ನ್ ಹೊಡೆಯುವ ಹುಡುಗನಿಗೆ ಗೇಟು ತೆಗೆದು ಸೆಲ್ಯೂಟ್ ಹೊಡೆಯುತ್ತಾನೆ. ಮೂರನೆಯ ಪ್ರಶ್ನೆಯ ಉತ್ತರ ಮೊದಲ ಎರಡರಿಂದ ಊಹಿಸಲಾಗದು. ಸರ್ಕಾರದ ವರದಿಗಳಲ್ಲಿ ಮಾತ್ರ ಮೊದಲನೆಯದೇ ಕೊನೆಯದು, ‘ಪುನರ್ವಸತಿ ಆಗಿದೆ’.

ಇದೇ ಬಗೆಯ ಪ್ರಶ್ನೆಗಳನ್ನು ಹಿಡಿದು ಅಲ್ಲಿ 2016ರಿಂದ ಹೊಸದಾಗಿ ಸೇವೆ ಬಿಟ್ಟ 9,500ಕ್ಕೂ ಹೆಚ್ಚು ಜನರನ್ನು ಆರು ತಿಂಗಳಿಗೊಮ್ಮೆ ಮಾತನಾಡಿಸುತ್ತಾ ಮೂರು ವರ್ಷ ಹಿಂಬಾಲಿಸಿದರು. ಕೆಲಸ, ಸಂಬಂಧಗಳ ಬಗ್ಗೆ ಬಹುಪಾಲು ಜನ ಹಿತವಾಗಿಯೇ ಉತ್ತರಿಸಿದರು. ಆರೋಗ್ಯದ ಬಗ್ಗೆ ಅಷ್ಟು ಸಮಾಧಾನವಿರಲಿಲ್ಲ, ಬಿಡದ ನೋವು, ನಿದ್ದೆಯ ತೊಂದರೆ, ಆತಂಕ. ನನಗೆ ಮುಖ್ಯವೆನಿಸಿದ್ದು ಇನ್ನೊಂದು. ಕೆಲಸದಲ್ಲಿನ ಅವರ ನಿರ್ವಹಣೆ ಮೊದಲ ವರ್ಷದಲ್ಲಿ ಏರುವ ಬದಲು ಇಳಿಯಿತು. ಮೊದಲ ಮೂರು ತಿಂಗಳಲ್ಲಿ ಒಮ್ಮೆ ಕೇಳಿ ಬಂದಿದ್ದರೆ ಇದು ಕಾಣುತ್ತಿರಲಿಲ್ಲ. ಊರಿಗೆ ಬಂದ ಹೊಸದರಲ್ಲಿ ಮಾವನಿಗೂ ಹಾರ ಹಾಕಿದ್ದರು, ಶಾಲೆಯ ಆಗಸ್ಟ್ ಹದಿನೈದಕ್ಕೆ ಧ್ವಜ ಹಾರಿಸಲು ಕರೆದಿದ್ದರು. ಮರುವರ್ಷ ಕರೆಯಲಿಲ್ಲ.

ಮನುಷ್ಯ ಎಲ್ಲಕ್ಕೂ ಒಗ್ಗಿಕೊಳ್ಳುತ್ತಾನೆ, ಇದನ್ನೆಲ್ಲ ಇಷ್ಟು ಹಚ್ಚಿಕೊಳ್ಳಬೇಕೇ ಎಂದು ಕೇಳುವವರಿದ್ದಾರೆ. ಅವರ ಕೈಯಲ್ಲಿ 1978ರ ಒಂದು ಅಮೆರಿಕನ್ ಅಧ್ಯಯನ ಇರುತ್ತದೆ. ಲಾಟರಿ ಗೆದ್ದವರೂ, ಅಪಘಾತದಲ್ಲಿ ಕೈಕಾಲು ಸ್ವಾಧೀನ ಕಳೆದುಕೊಂಡವರೂ ಕೊನೆಗೆ ಒಂದೇ ಮಟ್ಟದ ಸಂತೋಷಕ್ಕೆ ಬಂದರು ಎಂದು ಅದನ್ನು ಉದ್ಧರಿಸುತ್ತಾರೆ. ಮೂಲವನ್ನು ಓದಿದರೆ ಹಾಗಿಲ್ಲ. ಅಪಘಾತಕ್ಕೊಳಗಾದ 29 ಜನರ ಸಂತೋಷ ಉಳಿದವರಿಗಿಂತ ಕಡಿಮೆಯೇ ಇತ್ತು, ಜನ ಅಂದುಕೊಂಡಷ್ಟು ಕಡಿಮೆ ಇರಲಿಲ್ಲ ಅಷ್ಟೆ. 2007ರಲ್ಲಿ ರಿಚರ್ಡ್ ಲೂಕಾಸ್ ಜರ್ಮನಿ ಮತ್ತು ಬ್ರಿಟನ್ನಿನ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಮಾಹಿತಿಯಲ್ಲಿ ನೋಡಿದಾಗ, ದೀರ್ಘಕಾಲದ ಅಂಗವೈಕಲ್ಯದಿಂದ ಕುಸಿದ ತೃಪ್ತಿ ಮತ್ತೆ ಮೊದಲಿನ ಮಟ್ಟಕ್ಕೆ ಏರಿರಲಿಲ್ಲ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಮುರಳಿಕಾಂತ ಪೇಟ್ಕರ್ 1972ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಈಜಿ ಚಿನ್ನ ಗೆದ್ದರು. ಅವರ ಹೆಸರು ಹೇಳಿ ಗಾಲಿಕುರ್ಚಿಯ ಮೇಲಿರುವ ಉಳಿದವರೆಲ್ಲರ ಬಾಯಿ ಮುಚ್ಚಿಸುವುದು ಮಾತ್ರ ಬೇಡ.

ಈಗ ಹೋಲಿಕೆಯ ಮಾತು. ಹಳ್ಳಿಯ ಲೆಕ್ಕದಲ್ಲಿ ಮಾಜಿ ಸೈನಿಕ ಅನುಕೂಲಸ್ಥ. ತಿಂಗಳ ಮೊದಲಿಗೆ ಪಿಂಚಣಿ, ಕ್ಯಾಂಟೀನ್ ಸಾಮಾನು, 2003ರಿಂದ ಇಸಿಎಚ್‌ಎಸ್ ಪಾಲಿಕ್ಲಿನಿಕ್. ಮಳೆ ಕೈಕೊಟ್ಟ ವರ್ಷ ಸಾಲ ಕೇಳಲು ನೆಂಟರು ಬರುವುದೂ ಅವನಲ್ಲಿಗೇ. ಆದರೆ ಅವನು ತನ್ನನ್ನು ಹೋಲಿಸಿಕೊಳ್ಳುವುದು ಪಕ್ಕದ ಹೊಲದವನ ಜೊತೆಗಲ್ಲ. ಅದೇ ರ‍್ಯಾಂಕಿನಲ್ಲಿ, ಅಷ್ಟೇ ವರ್ಷ ಸೇವೆ ಮಾಡಿ, ತನಗಿಂತ ಹತ್ತು ವರ್ಷ ತಡವಾಗಿ ನಿವೃತ್ತನಾಗಿ ಹೆಚ್ಚು ಪಿಂಚಣಿ ಪಡೆಯುವವನ ಜೊತೆ. ಸಮಾನ ಶ್ರೇಣಿ ಸಮಾನ ಪಿಂಚಣಿಯ ಹೋರಾಟದ ಬೇರು ಇದೇ. 2015ರ ಬೇಸಿಗೆಯಲ್ಲಿ ಜಂತರ್ ಮಂತರ್‌ನಲ್ಲಿ ಪದಕ ತೊಟ್ಟ ಮುದುಕರು ಸರದಿ ಉಪವಾಸ ಕುಳಿತರು. ಅದೇ ನವೆಂಬರಿನಲ್ಲಿ ಆದೇಶ ಹೊರಬಿತ್ತು, 2014ರ ಜುಲೈ 1ರಿಂದ ಲೆಕ್ಕ, ಐದು ವರ್ಷಕ್ಕೊಮ್ಮೆ ಪರಿಷ್ಕರಣೆ. ಐದು ವರ್ಷ ಎಂಬುದಕ್ಕೂ ತಕರಾರು ಎದ್ದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2022ರ ಮಾರ್ಚಿನಲ್ಲಿ ನ್ಯಾಯಾಲಯ ಸರ್ಕಾರದ ನೀತಿಯನ್ನು ಎತ್ತಿಹಿಡಿಯಿತು. ಆ ಚಳವಳಿಯನ್ನು ಹಣದಾಸೆ ಎಂದು ಬರೆದವರು ಸೈನ್ಯವನ್ನು ಅರ್ಥ ಮಾಡಿಕೊಂಡಿಲ್ಲ ಎಂಬುದು ನನ್ನ ಅನಿಸಿಕೆ. ಭುಜದ ಮೇಲಿನ ಪಟ್ಟಿ ಒಂದೇ ಆಗಿದ್ದರೆ ಸೆಲ್ಯೂಟೂ ಒಂದೇ ಎಂದು ಜೀವಮಾನವಿಡೀ ಕಲಿಸಿ, ಪಿಂಚಣಿ ಪುಸ್ತಕದಲ್ಲಿ ಮಾತ್ರ ಬೇರೆ ಬರೆದರೆ ಅದು ಅವಮಾನವೆಂದೇ ತೋರುತ್ತದೆ. ಪ್ರಶ್ನಾವಳಿಯಲ್ಲಿ ‘ನಿಮ್ಮ ಆದಾಯ ಎಷ್ಟು’ ಎಂದು ಇರುತ್ತದೆ. ‘ನೀವು ಯಾರ ಜೊತೆ ಹೋಲಿಸಿಕೊಳ್ಳುತ್ತೀರಿ’ ಎಂಬುದು ಇರುವುದಿಲ್ಲ.

ಹೋಲಿಕೆಯ ತೊಡಕು ಸಂಶೋಧಕರಿಗೂ ತಪ್ಪಿದ್ದಲ್ಲ. ಸೇನೆಗೆ ಹೋದವರು, ಹೋಗದವರು ಎಂದು ಎರಡು ಗುಂಪು ಮಾಡಿ ಅಂಕ ಹೋಲಿಸುವ ಪ್ರಬಂಧಗಳು ಬೇಕಾದಷ್ಟಿವೆ. ಸೇನೆ ಗಟ್ಟಿಮುಟ್ಟಾದವರನ್ನೇ ಆರಿಸಿ ಒಯ್ದಿರುತ್ತದೆ, ಭರ್ತಿ ಮೈದಾನದಲ್ಲಿ ಎಡವಿದವರು ಇನ್ನೊಂದು ಗುಂಪಿನಲ್ಲಿ ಉಳಿದಿರುತ್ತಾರೆ. ಆಮೇಲೆ ಕಂಡ ವ್ಯತ್ಯಾಸ ಸೇವೆಯದೋ, ಆಯ್ಕೆಯದೋ? ಅಮೆರಿಕದಲ್ಲಿ 1969ರ ಡಿಸೆಂಬರ್ 1ರಂದು ಹುಟ್ಟಿದ ದಿನಾಂಕಗಳ ಚೀಟಿ ಎತ್ತಿ, ಯಾರನ್ನು ಮೊದಲು ಸೇನೆಗೆ ಕರೆಯಬೇಕೆಂದು ನಿರ್ಧರಿಸಿದರು. ಕ್ರೂರ ವ್ಯವಸ್ಥೆ, ಆದರೆ ಸಂಖ್ಯಾಶಾಸ್ತ್ರಕ್ಕೆ ವರ, ಏಕೆಂದರೆ ಚೀಟಿಗೆ ಎದೆಯ ಅಳತೆ ಗೊತ್ತಿಲ್ಲ. ಜೋಶುವಾ ಆಂಗ್ರಿಸ್ಟ್ ಇಂಥ ಚೀಟಿಗಳನ್ನು ಬಳಸಿ 1990ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಯುದ್ಧ ಮುಗಿದು ಎಷ್ಟೋ ವರ್ಷಗಳ ನಂತರವೂ, 1980ರ ದಶಕದ ಆರಂಭದಲ್ಲಿ, ಬಿಳಿಯ ಮಾಜಿ ಸೈನಿಕರ ಗಳಿಕೆ ಸುಮಾರು ಶೇ 15ರಷ್ಟು ಕಡಿಮೆಯಿತ್ತು. ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ನಮ್ಮಲ್ಲಿ ಬಲವಂತದ ಭರ್ತಿ ಇಲ್ಲ, ಇರದಿರುವುದೇ ಒಳ್ಳೆಯದು. ಆದರೆ ಅದರ ಬೆಲೆ ಎಂದರೆ, ಸೇವೆ ನಮ್ಮ ಸೈನಿಕನಿಗೆ ಏನು ಮಾಡಿತು ಎಂಬುದನ್ನು ಒಂದೇ ಸಲದ ಸಮೀಕ್ಷೆಯಿಂದ ಹೇಳಲು ಬರುವುದಿಲ್ಲ. ಅದೇ ಮನುಷ್ಯನನ್ನು ಮೊದಲೊಮ್ಮೆ, ಆಮೇಲೆ ಹಲವು ಬಾರಿ ಕೇಳಬೇಕು.

ಅಂಥ ಅವಕಾಶ ಈಗ ಬಾಗಿಲಲ್ಲಿದೆ. 2022ರ ಜೂನ್‌ನಲ್ಲಿ ಘೋಷಿಸಿದ ಅಗ್ನಿಪಥ ಯೋಜನೆಯಲ್ಲಿ ಸೇರಿದವರ ಸೇವೆ ನಾಲ್ಕು ವರ್ಷ. ಶೇ 25ರವರೆಗೆ ಜನರನ್ನು ಉಳಿಸಿಕೊಳ್ಳುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ ಪಡೆದು ಪಿಂಚಣಿಯಿಲ್ಲದೆ ಮನೆಗೆ. ಮೊದಲ ತಂಡಗಳ ತರಬೇತಿ 2022ರ ಕೊನೆಗೆ, 2023ರ ಆರಂಭಕ್ಕೆ ಶುರುವಾಯಿತು. ಮಾವ ನಲವತ್ತೊಂದಕ್ಕೆ ಎದುರಿಸಿದ ಪ್ರಶ್ನೆಯನ್ನು ಈ ಹುಡುಗರು ಇಪ್ಪತ್ತಮೂರು ಇಪ್ಪತ್ತನಾಲ್ಕಕ್ಕೆ ಎದುರಿಸುತ್ತಾರೆ. ಯೋಜನೆ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಈ ವೇದಿಕೆಯನ್ನು ಬಳಸುವುದಿಲ್ಲ. ಆದರೆ ಉಳಿದವರು ಯಾರು, ಹೊರಬಂದವರು ಯಾರು ಎಂಬುದು ಗೊತ್ತಾಗುವ ಮೊದಲೇ ಎರಡು ಪಾಲಿನವರನ್ನೂ ಮಾತನಾಡಿಸಿ ಬರೆದಿಟ್ಟುಕೊಳ್ಳದಿದ್ದರೆ, ಹತ್ತು ವರ್ಷದ ಮೇಲೆ ಎರಡೂ ಕಡೆಯವರು ತಮಗೆ ಬೇಕಾದ ಸಂಖ್ಯೆ ಹಿಡಿದು ಕೂಗಾಡುತ್ತಾರೆ. ಕೇಳುವ ಕೆಲಸವನ್ನು ಪಿಂಚಣಿ ಕೊಡುವ ಕಚೇರಿ ಮಾಡಬಾರದು, ವೈದ್ಯಕೀಯ ಮಂಡಳಿಗೂ ಅದರ ವಾಸನೆ ತಾಗಬಾರದು. ನಮ್ಮ ವಿಶ್ವವಿದ್ಯಾಲಯಗಳ ಮನಶ್ಶಾಸ್ತ್ರ, ಸಮಾಜಕಾರ್ಯ ವಿಭಾಗಗಳು ಮಾಡಬಹುದು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ, ಬೆಂಗಳೂರಿನಲ್ಲಿ ಸ್ಯಾಪರ್ಸ್ ಕೇಂದ್ರವಿದೆ. ದೂರವೇನಿಲ್ಲ.

ಇನ್ನೊಬ್ಬರನ್ನು ಕೇಳುವುದು ಬಾಕಿ. ಅತ್ತೆ. ಮಾವ ವರ್ಷಕ್ಕೆ ಎರಡು ತಿಂಗಳು ರಜೆಗೆ ಬರುತ್ತಿದ್ದಾಗ ಹೊಲ, ಹಸು, ಮಕ್ಕಳ ಶಾಲೆ, ಸೊಸೈಟಿ ಸಾಲ, ಎಲ್ಲವನ್ನೂ ನಡೆಸಿದವರು ಅವರು. ಒಂದು ದಿನ ಟ್ರಂಕಿನ ಜೊತೆ ಮಾವ ಬಂದಿಳಿದು ಬೆಳಗಿನ ಐದಕ್ಕೆ ಮನೆಮಂದಿಯನ್ನೆಲ್ಲ ಎಬ್ಬಿಸತೊಡಗಿದರು. ಕೊಟ್ಟಿಗೆಯ ಸಾಮಾನುಗಳಿಗೆ ಪಟ್ಟಿ ಬರೆದು ಗೋಡೆಗೆ ಅಂಟಿಸಿದರು. ಆ ವರ್ಷ ಮನೆಯಲ್ಲಿ ಆದ ಜಗಳದ ಕಥೆ ಈ ಮುದ್ರಿತ ಉಪನ್ಯಾಸಕ್ಕೆ ತಕ್ಕದ್ದಲ್ಲ. ಮಾಜಿ ಸೈನಿಕನ ಸಂಬಂಧಗಳು ಹೇಗಿವೆ ಎಂದು ಅವನನ್ನಷ್ಟೇ ಕೇಳಿದರೆ ಏಳಕ್ಕೆ ಏಳು ಬರುತ್ತದೆ. ಅಡುಗೆಮನೆಯ ಬಾಗಿಲಲ್ಲಿ ನಿಂತವರನ್ನೂ ಕೇಳಬೇಕು, ಬೇರೆಯಾಗಿ, ಅವನಿಲ್ಲದ ಹೊತ್ತಿನಲ್ಲಿ.

ಸರ್ಕಾರವೂ ಪ್ರತಿ ಪಿಂಚಣಿದಾರನನ್ನು ವರ್ಷಕ್ಕೊಮ್ಮೆ ಒಂದು ಪ್ರಶ್ನೆ ಕೇಳುತ್ತದೆ. ಅದರ ಹೆಸರು ಜೀವನ ಪ್ರಮಾಣ. ಹಿಂದೆ ಬ್ಯಾಂಕಿನ ಮ್ಯಾನೇಜರ್ ಮುಂದೆ ನಿಂತು ಸಹಿ ಹಾಕಬೇಕಿತ್ತು, 2014ರಿಂದ ಬೆರಳಚ್ಚು ಒತ್ತಿದರೆ ಗಣಕದಲ್ಲೇ ಆಗುತ್ತದೆ. ಪ್ರಶ್ನೆ ಇಷ್ಟೇ: ಬದುಕಿದ್ದೀರಾ? ಹೌದು ಎಂದರೆ ಪಿಂಚಣಿ ಮುಂದುವರಿಯುತ್ತದೆ. ಹೇಗೂ ಬೆರಳೊತ್ತಲು ಬಂದಿರುವ ಮನುಷ್ಯ, ಇನ್ನೂ ಐದು ನಿಮಿಷ ಕೂರಿಸಿ ಹೇಗಿದ್ದೀರಿ ಎಂದೂ ಕೇಳಬಾರದೇ ಎಂದು ಮೊದಲು ನನಗೂ ಅನಿಸಿತ್ತು. ಬೇಡ. ಆ ಮೇಜಿನ ಎದುರು ಕೂತವನು ‘ಸಬ್ ಠೀಕ್’ ಎಂದೇ ಹೇಳುತ್ತಾನೆ.

ಮಾವನ ಜೊತೆಗಿನ ಆ ಸಂಜೆಗೆ ಮತ್ತೆ ಬರುತ್ತೇನೆ. ಡೀನರ್ ಮಾಪಕ ಕೈಕೊಟ್ಟ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಪಟ್ಟಿ ತೆಗೆದೆ. ಕಳೆದ ಎರಡು ವಾರದ ಬಗ್ಗೆ ಮಾತ್ರ ಕೇಳುವ ಪಟ್ಟಿ ಅದು. ಒಂದೊಂದಕ್ಕೂ ಸೊನ್ನೆಯಿಂದ ಐದು, ಮೊತ್ತವನ್ನು ನಾಲ್ಕರಿಂದ ಗುಣಿಸಿದರೆ ನೂರಕ್ಕೆ ಇಷ್ಟೆಂದು ಸಿಗುತ್ತದೆ. ಬೆಳಿಗ್ಗೆ ಏಳುವಾಗ ಚೈತನ್ಯ ಇರುತ್ತದೆಯೇ ಎಂಬರ್ಥದ ಒಂದು ಪ್ರಶ್ನೆ ಅದರಲ್ಲಿದೆ. ಮಾವ ಎದೆಯುಬ್ಬಿಸಿ ಐದು ಹಾಕಿಸಿದರು. ಅಲಾರಾಂ ಬೇಡ, ನಾಲ್ಕೂವರೆಗೆ ಕಣ್ಣು ಬಿಟ್ಟರೆ ಐದರೊಳಗೆ ಶೇವಿಂಗ್ ಮುಗಿದಿರುತ್ತದೆ ಎಂದರು. ನಾನು ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದೆ. ಅತ್ತೆ ಕಾಫಿ ತಂದಿಟ್ಟು ಹೋದರು. ಕಾಗದಗಳನ್ನು ಚೀಲಕ್ಕೆ ತುಂಬುತ್ತಾ, ಸುಮ್ಮನೆ ಕೇಳುವ ಹಾಗೆ ಕೇಳಿದೆ, ಐದಕ್ಕೆ ರೆಡಿಯಾಗಿ ಆಮೇಲೆ ಏನು ಮಾಡ್ತೀರಿ ಮಾವ ಎಂದು.

ಲೋಟ ಎತ್ತಿಕೊಂಡವರು ಕುಡಿಯದೆ ಅಂಗಳದ ಕಡೆ ನೋಡುತ್ತಾ ಕೂತರು.

“ಅದೇ ಕಣಯ್ಯ. ಬೂಟ್ ಹಾಕ್ಕೊಂಡು ಜಗಲಿ ಮೇಲೆ ಕೂತ್ಕೊತೀನಿ. ಬೆಳಕು ಹರಿಯೋವರ್ಗೂ.”